ತವರಿನಿಂದ ವಿಮಾನದಲ್ಲಿ ಹೊರಡುವ ತಾಯಿ: ಎಳೆಮಗುವಿಗೆ ಹಾಲೂಡಿಸುವ ಕ್ರಮ

ಹೆರಿಗೆಗೆಂದು ತವರಿಗೆ ಬಂದು, ಬಾಣಂತನ ಮುಗಿಸಿಕೊಂಡು, ಮೂರು ಇಲ್ಲವೇ ಐದು ತಿಂಗಳ ಕೂಸಿನೊಂದಿಗೆ ಗಂಡನಿರುವ ಊರಿಗೆ ಮರಳುವ ತಾಯಂದಿರಲ್ಲಿ ಈಗ ಅನೇಕರು ವಿಮಾನದಲ್ಲಿಯೇ ಹೊರಡುತ್ತಾರೆ. ಮಂಗಳೂರಿನಿಂದ ದುಬೈಗೆ ಸುಮಾರು 4 ಗಂಟೆಯ ಹಾರಾಟ, ಬೆಂಗಳೂರಿನಿಂದ ದೆಹಲಿಗೆ 3 ಗಂಟೆಗೂ ತುಸು ಕಡಿಮೆ. ಎದೆಹಾಲನ್ನಷ್ಟೇ ಕುಡಿಯುವ, ಆರು ತಿಂಗಳು ತುಂಬದ ಮಗುವಿಗೆ ಈ ದಾರಿಯಲ್ಲಿ ಬೇರೆ ಆಹಾರವಾಗಲಿ ನೀರಾಗಲಿ ಬೇಕಾಗುವುದಿಲ್ಲ. ಆದ್ದರಿಂದ ಬಾಟಲಿ, ಫ್ಲಾಸ್ಕ್, ಪುಡಿಹಾಲಿನ ಡಬ್ಬಿಗಳನ್ನು ಹೊತ್ತುಕೊಳ್ಳುವ ಬದಲು ತಾಯಿ ಎರಡು ಸಂಗತಿಗಳತ್ತ ಗಮನ ಕೊಡುವುದು ಒಳ್ಳೆಯದು: ವಿಮಾನ ಇಳಿಯುವ ಹೊತ್ತಿಗೆ ಮಗು ಹಾಲು ಕುಡಿಯುವಂತೆ ನೋಡಿಕೊಳ್ಳುವುದು, ಮತ್ತು ತನ್ನ ಶರೀರವನ್ನು ಕಡೆಗಣಿಸದಿರುವುದು.

ದಿನ ಗೊತ್ತುಮಾಡುವಾಗ ಮಗುವಿನ ಲಸಿಕೆಯ ಕಾರ್ಡನ್ನು ಒಮ್ಮೆ ನೋಡಿಕೊಳ್ಳಿ. 6, 10 ಮತ್ತು 14 ವಾರಗಳ ಲಸಿಕೆಗಳ ನಂತರ ಒಂದೆರಡು ದಿನ ಜ್ವರ, ಕಿರಿಕಿರಿ ಇರಬಹುದಾದ್ದರಿಂದ ಪ್ರಯಾಣಕ್ಕೂ ಲಸಿಕೆಗೂ ನಡುವೆ ಸ್ವಲ್ಪ ಅಂತರ ಇರಲಿ. ಅವಧಿಗೆ ಮುನ್ನ ಹುಟ್ಟಿದ ಮಗು, ಹೃದಯ ಅಥವಾ ಶ್ವಾಸಕೋಶದ ತೊಂದರೆಯಿರುವ ಮಗು, ನೆಗಡಿಯಿಂದ ಮೂಗು ಕಟ್ಟಿರುವ ಅಥವಾ ಕಿವಿ ಸೋರುತ್ತಿರುವ ಮಗುವಾದರೆ ಮಕ್ಕಳ ವೈದ್ಯರನ್ನು ಕೇಳದೆ ಹೊರಡಬೇಡಿ. ಎಷ್ಟು ದಿನದ ಕೂಸನ್ನು ಹತ್ತಿಸಿಕೊಳ್ಳಬಹುದೆಂಬ ನಿಯಮ ಒಂದೊಂದು ವಿಮಾನ ಸಂಸ್ಥೆಗೆ ಒಂದೊಂದು ರೀತಿ ಇರುತ್ತದೆ. ಟಿಕೆಟ್ ತೆಗೆಯುವಾಗಲೇ ವಿಚಾರಿಸಿ. ದೇಶದೊಳಗಿನ ಪ್ರಯಾಣಕ್ಕೂ ಮಗುವಿನ ವಯಸ್ಸಿನ ದಾಖಲೆ ಕೈಯಲ್ಲಿರಬೇಕು. ಹೊರದೇಶಕ್ಕಾದರೆ ಕೂಸಿಗೂ ಪ್ರತ್ಯೇಕ ಪಾಸ್‌ಪೋರ್ಟ್, ವೀಸಾ ಬೇಕಾಗುತ್ತವೆ.

ಇನ್ನು ಕಿವಿಯ ವಿಷಯ. ಹಾರಾಟದಲ್ಲಿ ವಿಮಾನದ ಒಳಗಿನ ಗಾಳಿಯ ಒತ್ತಡ ನೆಲದ ಮೇಲಿದ್ದಷ್ಟು ಇರುವುದಿಲ್ಲ. ಸಮುದ್ರಮಟ್ಟದಿಂದ 1,800ರಿಂದ 2,400 ಮೀಟರ್ ಎತ್ತರದಲ್ಲಿ ಎಷ್ಟಿರುತ್ತದೆಯೋ ಸರಿಸುಮಾರು ಅಷ್ಟಿರುತ್ತದೆ. ಚಾರ್ಮಾಡಿ ಘಾಟಿಯನ್ನು ಕಾರಿನಲ್ಲಿ ಇಳಿಯುವಾಗ ಕಿವಿ ಗವ್ವೆಂದು, ಎಂಜಲು ನುಂಗಿದೊಡನೆ ತೆರೆದುಕೊಳ್ಳುವುದು ಮಲೆನಾಡಿನಿಂದ ಮಂಗಳೂರಿಗೆ ಬರುವವರಿಗೆಲ್ಲ ಗೊತ್ತು. ವಿಮಾನ ಇಳಿಯುವಾಗ ಆಗುವುದೂ ಅದೇ, ಆದರೆ ಇನ್ನೂ ಹೆಚ್ಚು ಎತ್ತರದಿಂದ, ಅರ್ಧ ಗಂಟೆಯ ಆಸುಪಾಸಿನಲ್ಲಿ. ನಡುಗಿವಿಯಿಂದ ಗಂಟಲಿನ ಮೇಲ್ಭಾಗಕ್ಕೆ ಹೋಗುವ ಸಣ್ಣ ನಾಳವೊಂದು ನುಂಗಿದಾಗ ತೆರೆದು ಒಳಗಿನ ಮತ್ತು ಹೊರಗಿನ ಒತ್ತಡವನ್ನು ಸಮ ಮಾಡುತ್ತದೆ. ಎಳೆಯ ಮಕ್ಕಳಲ್ಲಿ ಈ ನಾಳ ಕಿರಿದಾಗಿಯೂ ಹೆಚ್ಚು ಅಡ್ಡವಾಗಿಯೂ ಇರುವುದರಿಂದ ಅದು ಸುಲಭವಾಗಿ ತೆರೆಯುವುದಿಲ್ಲ, ಬೇಕೆಂದಾಗ ನುಂಗುವ ಉಪಾಯವೂ ಕೂಸಿಗೆ ತಿಳಿದಿರುವುದಿಲ್ಲ. ಮೊಲೆ ಚೀಪುವಾಗ ಮಗು ಮತ್ತೆ ಮತ್ತೆ ನುಂಗುತ್ತಲೇ ಇರುವುದರಿಂದ ಹಾಲೂಡಿಸುವುದೇ ಇದಕ್ಕೆ ಅತ್ಯಂತ ಸರಳವಾದ ಪರಿಹಾರ.

ಇಲ್ಲಿ ಹೊತ್ತು ತಪ್ಪಬಾರದು. ವಿಮಾನದ ಬಾಗಿಲು ಮುಚ್ಚಿದೊಡನೆ ಹಾಲು ಕೊಡಲು ತೊಡಗಿದರೆ, ರನ್‌ವೇ ಸಿಗುವವರೆಗೆ ಕಾಯುವ ಹೊತ್ತಿನಲ್ಲಿಯೇ ಮಗುವಿನ ಹೊಟ್ಟೆ ತುಂಬಿ, ನಿಜವಾಗಿ ಮೇಲೇರುವಾಗ ಅದಕ್ಕೆ ಬೇಡವಾಗಿಬಿಡುತ್ತದೆ. ಹೊರಡುವ ಮೊದಲು ಪೂರ್ತಿ ಕುಡಿಸದೆ, ತುಸು ಹಸಿವನ್ನು ಉಳಿಸಿಕೊಂಡು, ವಿಮಾನ ರನ್‌ವೇಯ ಮೇಲೆ ವೇಗ ಹಿಡಿಯುವಾಗ ಎದೆಗೆ ಹಚ್ಚಿಕೊಳ್ಳಿ. ಮೇಲೇರುವಾಗ ನೋವು ಸಾಮಾನ್ಯವಾಗಿ ಕಡಿಮೆ. ಆಗ ಮಗು ನಿದ್ದೆಯಲ್ಲಿದ್ದರೆ ಎಬ್ಬಿಸುವ ಅಗತ್ಯವಿಲ್ಲ. ಇಳಿಯುವಾಗಿನ ಮಾತು ಬೇರೆ. ಸೀಟ್ ಬೆಲ್ಟ್ ಕಟ್ಟಿಕೊಳ್ಳಿರೆಂಬ ಕೊನೆಯ ಸೂಚನೆ ಬರುವ ಹೊತ್ತಿಗೆ ಇಳಿಯುವಿಕೆ ಬಹಳಷ್ಟು ಮುಗಿದಿರುವುದುಂಟು. ಆದ್ದರಿಂದ ಇಳಿಯಲು ತೊಡಗಿದೊಡನೆ ತಿಳಿಸಬೇಕೆಂದು ಗಗನಸಖಿಯನ್ನು ಮೊದಲೇ ಕೇಳಿಕೊಳ್ಳಿ. ಇಂಜಿನ್ ಸದ್ದು ತಗ್ಗಿ, ನಿಮ್ಮ ಕಿವಿಯೇ ಕಟ್ಟಿದಂತಾದರೆ ಅದೂ ಸೂಚನೆಯೇ. ನಿದ್ದೆಯಲ್ಲಿ ಮಕ್ಕಳು ನುಂಗುವುದು ಕಡಿಮೆ. ಹಾಗಾಗಿ ಈ ಹೊತ್ತಿನಲ್ಲಿ ಮಗುವನ್ನು ಮೆಲ್ಲಗೆ ಎಚ್ಚರಿಸಿ ಹಾಲು ಕೊಡುವುದೇ ಲೇಸೆಂದು ನನ್ನ ಅಭಿಪ್ರಾಯ. ಒಂದು ಬದಿಯಲ್ಲಿ ಸ್ವಲ್ಪ ಕುಡಿಸಿ, ತೇಗು ಬರಿಸಿ, ಮತ್ತೊಂದು ಬದಿಗೆ ಹಾಕಿಕೊಂಡರೆ ಚಕ್ರ ನೆಲ ಮುಟ್ಟುವವರೆಗೂ ನುಂಗುವಿಕೆ ಮುಂದುವರಿಯುತ್ತದೆ. ಮಗು ಕುಡಿಯಲು ಒಪ್ಪದೆ ಅತ್ತರೆ ಗಾಬರಿಪಡಬೇಡಿ. ಎದೆಗವಚಿಕೊಂಡು ಸಮಾಧಾನಪಡಿಸಿ, ಅಳು ತುಸು ತಗ್ಗಿದಾಗ ಮತ್ತೆ ಎದೆಗೆ ಹಚ್ಚಿ ನೋಡಿ.

ಮನೆಯ ಹಿರಿಯರು ಪ್ರೀತಿಯಿಂದ ಕೊಡುವ ಕೆಲವು ಸಲಹೆಗಳನ್ನು ಇಲ್ಲಿ ವಿನಯದಿಂದಲೇ ಬದಿಗಿಡಬೇಕಾಗುತ್ತದೆ. ಕೂಸಿನ ಕಿವಿಗೆ ಹತ್ತಿ ಇಟ್ಟು ಕುಲಾವಿ ಕಟ್ಟಿದರೆ ಬೆಚ್ಚಗಾಗಬಹುದು, ಆದರೆ ನಡುಗಿವಿಯ ಒತ್ತಡಕ್ಕೆ ಅದರಿಂದ ಏನೂ ಆಗುವುದಿಲ್ಲ. ದಾರಿಯಲ್ಲಿ ಮಲಗಿರಲಿ ಎಂದು ಬಜೆ ತೇಯ್ದು ನೆಕ್ಕಿಸುವುದು, ನೆಗಡಿಯ ಸಿರಪ್ ಕುಡಿಸುವುದು ಅಪಾಯಕರ. ವೈದ್ಯರು ಹೇಳದ ಯಾವ ಮದ್ದನ್ನೂ ನಿದ್ದೆಗಾಗಿ ಕೊಡಬೇಡಿ.

ಆಸನವನ್ನು ಆರಿಸಿಕೊಳ್ಳುವ ಅವಕಾಶವಿದ್ದರೆ ಕಿಟಕಿಯ ಬದಿಯದನ್ನೇ ತೆಗೆದುಕೊಳ್ಳಿ. ನಡುದಾರಿಯ ಬದಿಯಲ್ಲಿ ಕೂತರೆ ಊಟದ ಗಾಡಿಯೋ ಓಡಾಡುವವರ ಚೀಲವೋ ಮಗುವಿನ ತಲೆಗೋ ಕಾಲಿಗೋ ತಗಲುವ ಭಯವಿರುತ್ತದೆ. ಮಗುವಿನ ತಲೆ ಕಿಟಕಿಯ ಕಡೆಗಿರುವಂತೆ ಹಿಡಿದುಕೊಂಡರೆ ಮರೆಯೂ ಆಗುತ್ತದೆ, ನಿಮ್ಮ ಮೊಣಕೈಗೆ ಗೋಡೆಯ ಆಸರೆಯೂ ಸಿಗುತ್ತದೆ. ಮಡಿಸಿದ ಶಾಲನ್ನು ತೋಳಿನ ಕೆಳಗಿಟ್ಟುಕೊಂಡರೆ ಭುಜ ನೋಯುವುದಿಲ್ಲ. ಮಗುವಿಗೆಂದು ಕೊಡುವ ಚಿಕ್ಕ ಬೆಲ್ಟನ್ನು ನಿಮ್ಮ ಬೆಲ್ಟಿಗೆ ಪೋಣಿಸಿ ಮಗುವಿಗೆ ಬೇರೆಯಾಗಿಯೇ ಕಟ್ಟಬೇಕು; ನಿಮ್ಮ ಒಂದೇ ಬೆಲ್ಟಿನೊಳಗೆ ಮಗುವನ್ನೂ ಸೇರಿಸಿ ಕಟ್ಟಿಕೊಂಡರೆ, ವಿಮಾನ ಜೋರಾಗಿ ಕುಲುಕಿದಾಗ ನಿಮ್ಮ ಭಾರವೆಲ್ಲ ಅದರ ಮೇಲೆ ಬೀಳುತ್ತದೆ. ಬೆಲ್ಟ್ ಕಟ್ಟಿರುವಾಗಲೂ ಹಾಲೂಡಿಸಲು ಆಗುವಂತೆ ಹೇಗೆ ಹಿಡಿದುಕೊಳ್ಳಬೇಕೆಂಬುದನ್ನು ವಿಮಾನ ನಿಂತಿರುವಾಗಲೇ ನೋಡಿಕೊಳ್ಳಿ. ಮಂಗಳೂರು–ದುಬೈ ದಾರಿಯಂಥ ಸಣ್ಣ ವಿಮಾನಗಳಲ್ಲಿ ತೂಗುತೊಟ್ಟಿಲು ಸಾಮಾನ್ಯವಾಗಿ ಇರುವುದಿಲ್ಲ. ದೂರದ ಹಾರಾಟದ ದೊಡ್ಡ ವಿಮಾನಗಳಲ್ಲಿ ಮುಂಚೆಯೇ ಹೇಳಿದ್ದರೆ ಸಿಗಬಹುದು.

ಉಡುಪಿನ ವಿಷಯದಲ್ಲಿ ಹೊಸದೇನನ್ನೂ ಕೊಳ್ಳಬೇಕಾಗಿಲ್ಲ. ಮುಂದೆ ಗುಂಡಿಯಿರುವ ರವಿಕೆ ಮತ್ತು ಹತ್ತಿಯ ಸೀರೆಯ ಸೆರಗು, ಇಲ್ಲವೇ ಚೂಡಿದಾರಿನ ದುಪಟ್ಟಾ ಸಾಕು. ಮಗುವಿನ ಮುಖಕ್ಕೆ ಗಾಳಿಯಾಡುವಂತಿರಲಿ. ಪಕ್ಕದಲ್ಲಿ ಅಪರಿಚಿತರಿದ್ದಾರೆಂದು ಹಸಿದ ಮಗುವನ್ನು ಕಾಯಿಸಬೇಡಿ, ಶೌಚಾಲಯಕ್ಕೆ ಹೋಗಿ ಹಾಲೂಡಿಸುವ ಕಷ್ಟವನ್ನೂ ಪಡಬೇಡಿ. ಕೂಸಿಗೆ ಹಾಲು ಕೊಡುವುದರಲ್ಲಿ ನಾಚಬೇಕಾದದ್ದು ಏನೂ ಇಲ್ಲ. ಮುಜುಗರವೆನಿಸಿದರೆ ಬೇರೆ ಆಸನವಿದೆಯೇ ಎಂದು ಗಗನಸಖಿಯನ್ನು ಕೇಳಬಹುದು.

ಹಾಲನ್ನು ಹಿಂಡಿ ಬಾಟಲಿಯಲ್ಲಿ ಒಯ್ಯುವವರು ಭದ್ರತಾ ತಪಾಸಣೆಯಲ್ಲಿ ಅದನ್ನು ಚೀಲದಿಂದ ಹೊರತೆಗೆದು, ಮಗುವಿನ ಹಾಲೆಂದು ತಾವಾಗಿಯೇ ಹೇಳಬೇಕು. ಹೊರದೇಶದ ಹಾರಾಟಗಳಲ್ಲಿ ದ್ರವಗಳಿಗಿರುವ 100 ಮಿಲಿಲೀಟರಿನ ಮಿತಿ, ದಾರಿಗೆ ಬೇಕಾದಷ್ಟು ಮಗುವಿನ ಹಾಲಿಗೆ ಅನ್ವಯವಾಗುವುದಿಲ್ಲ. ಎಕ್ಸ್-ರೇ ಯಂತ್ರದಲ್ಲಿ ಹಾದರೆ ಹಾಲು ಕೆಡುವುದಿಲ್ಲ. ಹಿಂಡಿದ ಹಾಲು ಸುಮಾರು 25 ಡಿಗ್ರಿ ಸೆಲ್ಸಿಯಸ್‌ವರೆಗಿನ ಕೋಣೆಯಲ್ಲಿ 4 ಗಂಟೆ ಇರುತ್ತದೆ. ಕರಾವಳಿಯ ಸೆಕೆಯಲ್ಲಿ ಅಷ್ಟು ಹೊತ್ತು ನಂಬಬೇಡಿ. ಚೆನ್ನಾಗಿ ಹೆಪ್ಪುಗಟ್ಟಿದ ಐಸ್ ಪ್ಯಾಕ್‌ಗಳಿರುವ ಶಾಖ ತಡೆಯುವ ಚೀಲದಲ್ಲಿ 24 ಗಂಟೆಯವರೆಗೂ ಇಡಬಹುದು. ಬೆಚ್ಚಗೆ ಮಾಡಬೇಕೆನಿಸಿದರೆ ಬಾಟಲಿಯನ್ನು ಬಿಸಿನೀರಿನ ಲೋಟದಲ್ಲಿ ಇಳಿಬಿಟ್ಟರೆ ಸಾಕು.

ತಾಯಿಯ ಶರೀರದ ಮಾತನ್ನು ಕೊನೆಗೆ ತಳ್ಳುವುದು ನಮ್ಮ ಮನೆಗಳ ರೂಢಿಯಾಗಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ. ಬಾಣಂತಿಗೆ ನೀರು ಹೆಚ್ಚು ಕೊಡಬಾರದೆಂಬ ನಂಬಿಕೆ ಇನ್ನೂ ಹಲವು ಮನೆಗಳಲ್ಲಿದೆ. ಶೌಚಾಲಯಕ್ಕೆ ಎದ್ದುಹೋಗುವ ಕಷ್ಟಕ್ಕೆ ಹೆದರಿ ಹೆಂಗಸರು ತಾವಾಗಿಯೇ ನೀರು ಬಿಡುವುದೂ ಉಂಟು. ವಿಮಾನದೊಳಗಿನ ಗಾಳಿ ಬಹಳ ಒಣಗಿದ್ದು, ತೇವಾಂಶ ಅನೇಕ ವೇಳೆ ಶೇಕಡಾ 20ಕ್ಕಿಂತ ಕಡಿಮೆ ಇರುತ್ತದೆ. ಮಗುವಿಗೆ ಹಾಲೂಡಿಸಿದಾಗಲೆಲ್ಲ ಒಂದು ಲೋಟ ನೀರು ಕುಡಿಯಿರಿ. ಕೈಚೀಲದಲ್ಲಿ ನಾಲ್ಕು ಅಂಟಿನ ಉಂಡೆಯೋ ಬಾಳೆಹಣ್ಣೋ ಇರಲಿ. ಹೆರಿಗೆಯಾದ ನಂತರದ ಕೆಲವು ವಾರಗಳಲ್ಲಿ, ಮುಖ್ಯವಾಗಿ ಮೊದಲ 6 ವಾರಗಳಲ್ಲಿ, ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚು. ಮಗು ಎದೆಯ ಮೇಲೆ ಮಲಗಿದೆಯೆಂದು ಗಂಟೆಗಟ್ಟಲೆ ಅಲುಗಾಡದೆ ಕೂರಬೇಡಿ. ಪಾದಗಳನ್ನು ಆಡಿಸುತ್ತಿರಿ, ಜೊತೆಗಿರುವವರ ಕೈಗೆ ಮಗುವನ್ನು ಕೊಟ್ಟು ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ಆರು ವಾರದೊಳಗೆ ಹೊರಡಲೇಬೇಕಾಗಿದ್ದರೆ, ಅದರಲ್ಲೂ ಸಿಸೇರಿಯನ್ ಆಗಿದ್ದರೆ, ವೈದ್ಯರ ಅನುಮತಿ ಪಡೆಯಿರಿ.

ಇಳಿದ ಮೇಲೆ ವಲಸೆ ತಪಾಸಣೆ, ಸಾಮಾನು, ಮನೆಯವರೆಗಿನ ಕಾರು ಎಂದು ಹೊತ್ತು ಬಹಳ ಹೋಗುವುದರಿಂದ, ದಾರಿಯಲ್ಲಿ ಸಿಗುವ ಮಗು ಆರೈಕೆ ಕೋಣೆಯಲ್ಲಿ ಕೂತು ಒಮ್ಮೆ ಹಾಲೂಡಿಸಿ ಮುಂದೆ ಹೋಗಿ. ಓಡುತ್ತಿರುವ ಕಾರಿನಲ್ಲಿ ಹಾಲೂಡಿಸದೆ, ನಿಲ್ಲಿಸಿ ಕೊಡಿ. ಹೊತ್ತು ತಪ್ಪಿ ಎದೆ ಬಿಗಿದು ಗಟ್ಟಿಯಾಗಿದ್ದರೆ ಸ್ವಲ್ಪ ಹಾಲನ್ನು ಕೈಯಿಂದ ಹಿಂಡಿ ಮೃದು ಮಾಡಿಕೊಂಡು ಮಗುವಿಗೆ ಕೊಡಿ. ಕೆಂಪಾಗಿ ನೋವಿನೊಂದಿಗೆ ಜ್ವರ ಬಂದರೆ ಹಾಲೂಡಿಸುವುದನ್ನು ನಿಲ್ಲಿಸದೆಯೇ ವೈದ್ಯರನ್ನು ಕಾಣಿ. ಹೊಸ ಜಾಗದಲ್ಲಿ ಮಗು ಒಂದೆರಡು ದಿನ ಮತ್ತೆ ಮತ್ತೆ ಎದೆ ಕೇಳಬಹುದು. ಗಡಿಯಾರ ನೋಡದೆ ಕೇಳಿದಾಗಲೆಲ್ಲ ಕೊಡಿ. ದಿನಕ್ಕೆ ಆರು ಸಲವಾದರೂ ಮೂತ್ರ ಮಾಡುತ್ತಿದ್ದರೆ ಹಾಲು ಸಾಲುತ್ತಿದೆಯೆಂದು ತಿಳಿಯಬಹುದು. ಮರುದಿನವೂ ಮಗು ಕಿವಿ ಎಳೆದುಕೊಂಡು ಅಳುತ್ತಿದ್ದರೆ, ಜ್ವರವಿದ್ದರೆ, ಕಿವಿಯಿಂದ ನೀರು ಬಂದರೆ ಮಕ್ಕಳ ವೈದ್ಯರಲ್ಲಿಗೆ ಕರೆದೊಯ್ಯಿರಿ.