ಕಪ್ಪು ಪರದೆಯ ಜೊತೆ ನಾಲ್ಕು ವರ್ಷ

ಮೊದಲ ದಿನವೇ ಕಂಪ್ಯೂಟರ್ ಕೆಟ್ಟುಹೋಯಿತು ಅಂದುಕೊಂಡೆ. ಟರ್ಮಿನಲ್‌ನಲ್ಲಿ, ಅಂದರೆ ಮೌಸ್ ಬಿಟ್ಟು ಕಮಾಂಡ್ ಟೈಪ್ ಮಾಡಿ ಕೆಲಸ ಮಾಡಿಸುವ ಕಪ್ಪು ಪರದೆಯಲ್ಲಿ, ವಿಮ್ ಅನ್ನುವ ಎಡಿಟರ್ ತೆರೆದು ಹೇಗೋ ನಾಲ್ಕು ಸಾಲು ಬರೆದಿದ್ದೆ. ಕೈ ತಾನಾಗಿಯೇ ಕಂಟ್ರೋಲ್-ಎಸ್ ಒತ್ತಿತು. ಅಷ್ಟೇ, ಪರದೆ ಕಲ್ಲಾಯಿತು. ಯಾವ ಕೀ ಒತ್ತಿದರೂ ಮಿಸುಕಲಿಲ್ಲ. ಕೊನೆಗೆ ಪವರ್ ಬಟನ್ ಅದುಮಿ ಹಿಡಿದು ಆಫ್ ಮಾಡಿದೆ. ಟರ್ಮಿನಲ್‌ನಲ್ಲಿ ಕಂಟ್ರೋಲ್-ಎಸ್ ಅಂದರೆ ಸೇವ್ ಅಲ್ಲ, 'ಸ್ವಲ್ಪ ತಡಿ' ಅಂತ. ಕಂಟ್ರೋಲ್-ಕ್ಯೂ ಒತ್ತಿದ್ದರೆ ಮತ್ತೆ ಓಡುತ್ತಿತ್ತು. ಕಾಗದದ ಮೇಲೆ ಟಕಟಕ ಅಚ್ಚು ಹಾಕುತ್ತಿದ್ದ ಟೆಲಿಟೈಪ್ ಯಂತ್ರಗಳ ಕಾಲದ ಪದ್ಧತಿ ಅದು. ಲಿನಕ್ಸ್‌ನಲ್ಲಿ ಟರ್ಮಿನಲ್‌ಗೆ ಈಗಲೂ ಇರುವ 'ಟಿಟಿವೈ' ಅನ್ನುವ ಹೆಸರೂ ಅಲ್ಲಿಂದಲೇ ಬಂದದ್ದು.

ಅಷ್ಟಾದರೂ ಬಿಡಲಿಲ್ಲ. ಕಾರಣ ಫೋಟೊಗಳು. ಎರಡು ಫೋನು, ಒಂದು ಕ್ಯಾಮೆರಾದಿಂದ ಬಂದ ಸಾವಿರಾರು ಚಿತ್ರಗಳು ಒಂದೇ ಫೋಲ್ಡರ್‌ನಲ್ಲಿ ಬಿದ್ದಿದ್ದವು. ತೆಗೆದ ದಿನಾಂಕವನ್ನೇ ಹೆಸರಾಗಿ ಕೊಡಬೇಕಿತ್ತು. ಮೂರು ಸಂಜೆ ಮೌಸ್ ಹಿಡಿದು ಒಂದೊಂದೇ ಬದಲಿಸಿ ಬೇಸತ್ತೆ. ನಾಲ್ಕನೇ ಸಂಜೆ ಎಕ್ಸಿಫ್‌ಟೂಲ್ ಬಗ್ಗೆ ಓದಿದೆ. ಫೋಟೊದ ಒಳಗೇ ಇರುವ ದಿನಾಂಕವನ್ನು ಓದಿ ಹೆಸರಿಡುವ ಒಂದು ಸಾಲು. ಅದನ್ನು ಸರಿಯಾಗಿ ಬರೆಯಲು ನನಗೆ ಒಂದೂವರೆ ಗಂಟೆ ಹಿಡಿಯಿತು. ಓಡಿ ಮುಗಿಯಲು ಎರಡು ನಿಮಿಷವೂ ಬೇಕಾಗಲಿಲ್ಲ.

ಕಮಾಂಡ್ ಲೈನ್ ಅಂದರೆ ವೇಗ ಅನ್ನುವವರು ಜಾಸ್ತಿ. ನನಗೆ ಹಾಗನಿಸಿಲ್ಲ. ಯಾವ ಕೆಲಸವನ್ನೇ ಆಗಲಿ, ಮೊದಲ ಸಲ ಮಾಡುವಾಗ ಮೌಸ್‌ಗಿಂತ ನಿಧಾನವೇ. ನನ್ನನ್ನು ಹಿಡಿದಿಟ್ಟದ್ದು ಬೇರೆ: ಮಾಡಿದ ಕೆಲಸ ಬರಹವಾಗಿ ಉಳಿಯುತ್ತದೆ. ಹೋದ ವರ್ಷ ಯಾವ ಮೆನುವಿನಲ್ಲಿ ಏನು ಕ್ಲಿಕ್ ಮಾಡಿದೆ ಅಂತ ಯಾರಿಗೆ ನೆನಪಿರುತ್ತೆ? ಆದರೆ ಟೈಪ್ ಮಾಡಿದ ಸಾಲು ಹಿಸ್ಟರಿಯಲ್ಲಿ ಕೂತಿರುತ್ತದೆ. ಕಂಟ್ರೋಲ್-ಆರ್ ಒತ್ತಿ ಎರಡು ಅಕ್ಷರ ಹೊಡೆದರೆ ಎದ್ದು ಬರುತ್ತದೆ.

ಅದಕ್ಕೂ ಸ್ವಲ್ಪ ಆರೈಕೆ ಬೇಕು. ನಾವು ಟೈಪ್ ಮಾಡಿದ ಕಮಾಂಡ್ ಓದಿ ಓಡಿಸುವ ಪ್ರೋಗ್ರಾಮ್ ಬ್ಯಾಶ್, ಸುಮ್ನೆ ಬಿಟ್ಟರೆ 500 ಸಾಲು ಮಾತ್ರ ಇಟ್ಟುಕೊಳ್ಳುತ್ತದೆ. ನಾನು 50,000ಕ್ಕೆ ಏರಿಸಿದೆ. ಇನ್ನೊಂದು ತೊಂದರೆ ತಡವಾಗಿ ಕಂಡಿತು. ಎರಡು ಟರ್ಮಿನಲ್ ತೆರೆದಿದ್ದರೆ, ಕೊನೆಗೆ ಮುಚ್ಚಿದ್ದು ಮೊದಲಿನದರ ಹಿಸ್ಟರಿಯನ್ನು ಅಳಿಸಿ ತನ್ನದನ್ನು ಬರೆಯಬಹುದು. 'ಹಿಸ್ಟ್‌ಅಪೆಂಡ್' ಅನ್ನುವ ಆಯ್ಕೆ ಹಾಕಿದ ಮೇಲೆ ಸರಿಹೋಯಿತು. ಆಮೇಲೆ ನಾನೇ ಕಂಡುಕೊಂಡ ಒಂದು ಅಭ್ಯಾಸವಿದೆ. ಕಷ್ಟಪಟ್ಟು ಬರೆದ ಸಾಲಿನ ಕೊನೆಗೆ ಹ್ಯಾಶ್ ಗುರುತು ಹಾಕಿ, 'ಫೋಟೊ ಹೆಸರು', 'ವಿಡಿಯೋದಿಂದ ಆಡಿಯೋ' ಅಂತ ಟಿಪ್ಪಣಿ ಬರೆಯುತ್ತೇನೆ. ಹ್ಯಾಶ್ ಆದಮೇಲಿನದ್ದನ್ನು ಬ್ಯಾಶ್ ಲೆಕ್ಕಕ್ಕೆ ತಗೊಳ್ಳುವುದಿಲ್ಲ, ಆದರೆ ಹುಡುಕಿದರೆ ಸಿಗುತ್ತದೆ. ವಿಡಿಯೋ, ಆಡಿಯೋ ಬದಲಿಸುವ ಎಫ್‌ಎಫ್‌ಎಂಪೆಗ್‌ನ ಆಯ್ಕೆಗಳನ್ನು ನಾನು ಇವತ್ತಿಗೂ ಬಾಯಿಪಾಠ ಮಾಡಿಲ್ಲ. ಮಾಡುವುದೂ ಇಲ್ಲ.

ದಿನಕ್ಕೊಮ್ಮೆಯಾದರೂ ಬಳಸುವುದು ಪೈಪ್, ಅಂದರೆ ಒಂದು ಕಮಾಂಡ್ ಕೊಟ್ಟ ಉತ್ತರವನ್ನು ಇನ್ನೊಂದಕ್ಕೆ ದಾಟಿಸುವ ಗುರುತು. ಡಿಸ್ಕ್ ತುಂಬಿತು ಅಂದಾಗ 'ಡಿಯು' ಪ್ರತಿ ಫೋಲ್ಡರಿನ ತೂಕ ಹೇಳುತ್ತದೆ, ಒಂದು ಉದ್ದ ಗೆರೆ (|) ಹಾಕಿ ಅದನ್ನು ಕ್ರಮವಾಗಿ ಜೋಡಿಸುವ 'ಸಾರ್ಟ್'ಗೆ ದಾಟಿಸುತ್ತೇನೆ. ಇಲ್ಲಿ ಎರಡೂ ಕಡೆ, ಕೆಬಿ-ಜಿಬಿ ಲೆಕ್ಕ ಹಿಡಿಯುವ 'ಹೈಫನ್ ಎಚ್' ಆಯ್ಕೆ ಮರೆಯಬಾರದು. ಸಾರ್ಟ್‌ಗೆ ಅದನ್ನು ಕೊಡದಿದ್ದರೆ 9 ಕೆಬಿಯ ಫೈಲ್ 2 ಜಿಬಿಗಿಂತ ದೊಡ್ಡದು ಅಂತ ನಂಬಿಸುತ್ತದೆ, ಯಾಕೆಂದರೆ 2ಕ್ಕಿಂತ 9 ದೊಡ್ಡದು ಅಲ್ವಾ! ತೋಟದ ಪೈಪಿಗೆ ಪೈಪು ಸಿಕ್ಕಿಸುವ ಹಾಗೆ ಪ್ರೋಗ್ರಾಮ್‌ಗಳನ್ನು ಜೋಡಿಸಬೇಕು ಅಂತ ಡಗ್ ಮೆಕಿಲ್ರಾಯ್ 1964ರಲ್ಲೇ ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದಲ್ಲಿ ಬರೆದಿಟ್ಟಿದ್ದರು. ಅಲ್ಲಿಯವರೇ ಆದ ಕೆನ್ ಥಾಂಪ್ಸನ್ ಅದನ್ನು ಲಿನಕ್ಸ್‌ಗೆ ಮಾದರಿಯಾದ ಯೂನಿಕ್ಸ್‌ಗೆ ತಂದದ್ದು 1973ರಲ್ಲಿ. ನನ್ನ ಡಿಸ್ಕ್ ಇವತ್ತಿಗೂ ಆ ಪೈಪಿನಿಂದಲೇ ಉಸಿರಾಡುತ್ತಿದೆ.

ಪೆಟ್ಟು ತಿಂದದ್ದನ್ನೂ ಹೇಳಬೇಕು. ದಿನಾ ರಾತ್ರಿ ಎರಡು ಗಂಟೆಗೆ ಬ್ಯಾಕಪ್ ಆಗಲಿ ಅಂತ, ಹೇಳಿದ ಹೊತ್ತಿಗೆ ಕಮಾಂಡ್ ಓಡಿಸುವ ಕ್ರಾನ್‌ಗೆ ಒಂದು ಸಾಲು ಬರೆದೆ. ಬ್ಯಾಕಪ್ ಫೈಲಿನ ಹೆಸರಲ್ಲಿ ಆ ದಿನದ ದಿನಾಂಕ ಬರಲಿ ಅಂತ 'ಡೇಟ್' ಕಮಾಂಡ್ ಸೇರಿಸಿದ್ದೆ, ಅದರಲ್ಲಿ ಒಂದು ಶೇಕಡಾ ಚಿಹ್ನೆ ಬರುತ್ತದೆ. ಕೈಯಿಂದ ಓಡಿಸಿ ನೋಡಿದಾಗ ಚೆನ್ನಾಗಿಯೇ ಓಡಿತು. ನಿಶ್ಚಿಂತೆಯಿಂದ ಇದ್ದೆ. ಎರಡು ತಿಂಗಳ ಮೇಲೆ ಒಂದು ಹಳೆಯ ಫೈಲ್ ಬೇಕಾಗಿ ನೋಡಿದರೆ, ಒಂದೇ ಒಂದು ಬ್ಯಾಕಪ್ ಇಲ್ಲ. ಕ್ರಾನ್‌ನ ಪಟ್ಟಿಯಲ್ಲಿ ಶೇಕಡಾ ಚಿಹ್ನೆ ಅಂದರೆ ಹೊಸ ಸಾಲು. ನನ್ನ ಕಮಾಂಡ್ ಅಲ್ಲಿಗೇ ತುಂಡಾಗಿ, ದಿನಾ ರಾತ್ರಿ ಎರಡಕ್ಕೆ ಎದ್ದು, ಎಡವಿ, ಮತ್ತೆ ಮಲಗುತ್ತಿತ್ತು. ದೂರು ಹೇಳಲು ಕ್ರಾನ್ ಮೇಲ್ ಕಳಿಸುತ್ತದೆ, ನಾನು ಆ ಮೇಲ್ ವ್ಯವಸ್ಥೆಯನ್ನೇ ಮಾಡಿರಲಿಲ್ಲ. ಚಿಹ್ನೆಗೆ ಮೊದಲು ಬ್ಯಾಕ್‌ಸ್ಲ್ಯಾಶ್ ಹಾಕಿದರೆ ಸಾಕಿತ್ತು. ಈಗ ಎಲ್ಲವನ್ನೂ ಬೇರೆ ಸ್ಕ್ರಿಪ್ಟ್‌ನಲ್ಲಿ ಬರೆದು, ಕ್ರಾನ್‌ಗೆ ಅದರ ಹೆಸರು ಮಾತ್ರ ಕೊಡುತ್ತೇನೆ. ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ಒಂದು ಫೈಲ್ ತೆಗೆದು ನೋಡುತ್ತೇನೆ.

ಇನ್ನು ಕನ್ನಡ. ಇದು ನನ್ನ ದೊಡ್ಡ ತಕರಾರು. ಟರ್ಮಿನಲ್ ಅಂದರೆ ಚೌಕಳಿ ಪುಸ್ತಕ ಇದ್ದ ಹಾಗೆ, ಒಂದು ಮನೆಗೆ ಒಂದು ಅಕ್ಷರ. ನಮ್ಮ ಒತ್ತು, ಗುಣಿತಗಳು ಆ ಮನೆಯಲ್ಲಿ ಕೂರುವುದಿಲ್ಲ. ಬಹಳಷ್ಟು ಟರ್ಮಿನಲ್‌ಗಳಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಒಡೆಯುತ್ತದೆ, ಕರ್ಸರ್ ಎಲ್ಲಿದೆ ಅಂತಲೇ ತಿಳಿಯುವುದಿಲ್ಲ. ಎಣಿಕೆಯೂ ವಿಚಿತ್ರ. 'ಕನ್ನಡ' ಪದವನ್ನು 'ಎಕೋ' ಕಮಾಂಡ್‌ನಿಂದ ಹೊರಡಿಸಿ, ಎಣಿಸುವ ಕಮಾಂಡ್ 'ಡಬ್ಲ್ಯುಸಿ'ಯಲ್ಲಿ ಬೈಟ್ ಎಣಿಸಿದೆ, 16 ಬಂತು. ನಾವು ಓದುವುದು ಮೂರು ಅಕ್ಷರ. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್‌ಗೆ ಅದು ಐದು: ಕ, ನ, ನ-ವನ್ನು ಅರ್ಧಾಕ್ಷರ ಮಾಡುವ ಚಿಹ್ನೆ (್), ಇನ್ನೊಂದು ನ, ಡ. ಅವನ್ನು ಫೈಲಿನಲ್ಲಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೂ ಮೂರು ಬೈಟು, ಕೊನೆಯ ಸಾಲುಮುರಿತಕ್ಕೆ ಒಂದು. ಇದು ತಿಳಿಯುವವರೆಗೂ, ಬರಹದೊಳಗೆ ಪದ ಹುಡುಕುವ ಕಮಾಂಡ್ ಗ್ರೆಪ್ ನನ್ನನ್ನು ಆಟ ಆಡಿಸುತ್ತಿತ್ತು. ಗ್ರೆಪ್‌ನಲ್ಲಿ ಒಂದು ಚುಕ್ಕಿ ಅಂದರೆ ಯಾವುದಾದರೂ ಒಂದು ಅಕ್ಷರ. 'ಕ', ಚುಕ್ಕಿ, 'ಡ' ಅಂತ ಕೊಟ್ಟರೆ 'ಕನ್ನಡ' ಸಿಗುವುದಿಲ್ಲ. ನಡುವೆ ಮೂರು ಚುಕ್ಕಿ ಬೇಕು.

ಎಲ್ಲದಕ್ಕೂ ಟರ್ಮಿನಲ್ಲೇ ಅಂತ ಹಟ ಹಿಡಿದ ದಿನಗಳೂ ಇದ್ದವು. ವೆಬ್ ಪುಟಗಳನ್ನು ಬರೀ ಅಕ್ಷರಗಳಲ್ಲಿ ತೋರಿಸುವ ಬ್ರೌಸರ್ ಬಳಸಿ ನೋಡಿದೆ, ಒಂದು ವಾರಕ್ಕೆ ಸಾಕಾಯಿತು. ಬ್ಯಾಂಕಿನ ಕೆಲಸ, ನಕ್ಷೆ, ಫೋಟೊ ಆರಿಸುವುದು, ಇವಕ್ಕೆಲ್ಲ ಮೌಸೇ ಸರಿ. ಫೈಲ್ ಹುಡುಕುವುದು, ಪಿಡಿಎಫ್ ಜೋಡಿಸುವುದು, ಬ್ಯಾಕಪ್, ದಿನದ ಖರ್ಚಿನ ಲೆಕ್ಕ, ಮಾಡಬೇಕಾದ ಕೆಲಸಗಳ ಪಟ್ಟಿ ಇಲ್ಲಿ. ಕೊನೆಯ ಎರಡು ಬರೀ ಟೆಕ್ಸ್ಟ್ ಫೈಲ್‌ಗಳು, ಬೇರೆ ಆ್ಯಪ್ ಇಲ್ಲ.

ಕನ್ನಡ ಬರೆಯಲು ಮಾತ್ರ ಕಿಟಕಿ ಇರುವ ಮಾಮೂಲಿ ಎಡಿಟರ್‌ಗೆ ಹೋಗುತ್ತೇನೆ. ಇದನ್ನೂ ಅಲ್ಲೇ ಬರೆದೆ. ಎಷ್ಟು ಪದ ಆಯಿತು ಅಂತ ಎಣಿಸಲು ಟರ್ಮಿನಲ್‌ಗೆ ವಾಪಸ್ ಬಂದೆ.