ನಾಯಿಗೆ ಬೇಕಾದದ್ದು ಸ್ವೆಟರ್ ಅಲ್ಲ, ಹುಲ್ಲು

ನಾಯಿಗೆ ಸ್ವೆಟರ್ ತೊಡಿಸುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಊರಿಗೆ ಬರುವ ಮಕ್ಕಳು ಪ್ರೀತಿಯಿಂದಲೇ ತರುತ್ತಾರೆ, ಇಲ್ಲವೆನ್ನುವುದಿಲ್ಲ. ಕೆಂಪು ಬಣ್ಣದ್ದು, ಬೆನ್ನ ಮೇಲೆ ಮೂಳೆಯ ಚಿತ್ರ ಬೇರೆ. ಅದನ್ನು ತೊಡಿಸಿ, ನಾಯಿಯನ್ನು ಜಗಲಿಯ ಟೈಲ್ಸ್ ಮೇಲೆ ಕಟ್ಟಿಹಾಕಿ, ತಾವು ಎರಡೆರಡು ಕಂಬಳಿ ಹೊದ್ದು ಮಲಗಿಬಿಡುತ್ತಾರೆ. ನಮ್ಮ ತೀರ್ಥಹಳ್ಳಿ, ಹೊಸನಗರದ ಕಡೆ ಮಾಗಿಯಲ್ಲಿ ಇಬ್ಬನಿ ಬೀಳುವುದೆಂದರೆ ಸಣ್ಣ ಮಳೆ ಬಂದು ಹೋದ ಹಾಗೆಯೇ. ತೋಟದ ಕಡೆ ಒಂದು ಸುತ್ತು ಹೋಗಿಬಂದ ನಾಯಿಯ ಸ್ವೆಟರನ್ನು ಹಿಂಡಿದರೆ ನೀರು ಇಳಿಯುತ್ತದೆ. ಆ ಒದ್ದೆ ಬಟ್ಟೆ ಬೆಳಗಿನವರೆಗೆ ಮೈಗೆ ಅಂಟಿಕೊಂಡಿರುವುದಕ್ಕಿಂತ ನಾಯಿ ಬರಿಮೈಯಲ್ಲಿ ಇರುವುದೇ ವಾಸಿ.

ಚಳಿ ನಾಯಿಯನ್ನು ಹಿಡಿಯುವುದು ನೆಲದಿಂದ. ಟೈಲ್ಸ್, ಸಿಮೆಂಟು, ಕಡಪ ಕಲ್ಲು ಎಲ್ಲವೂ ಮೈಯ ಬಿಸಿಯನ್ನು ಹೀರಿಕೊಳ್ಳುತ್ತವೆ. ಹಳೆಯ ಸೀರೆ, ಬೆಡ್‌ಶೀಟು ಹಾಸಿದರೆ ಮೊದಲ ರಾತ್ರಿ ಚೆನ್ನಾಗಿರುತ್ತದೆ, ಎರಡನೆಯ ರಾತ್ರಿಗೆ ತೇವ ಕುಡಿದು ತಣ್ಣಗಾಗುತ್ತದೆ. ಭತ್ತದ ಹುಲ್ಲಿಗೆ ಆ ರೋಗವಿಲ್ಲ. ಹುಲ್ಲಿನ ಕಡ್ಡಿ ಒಳಗೆ ಟೊಳ್ಳು, ಕಡ್ಡಿ ಕಡ್ಡಿಯ ನಡುವೆಯೂ ಗಾಳಿ ನಿಲ್ಲುತ್ತದೆ, ನಾಯಿಯ ಮೈಬಿಸಿ ಅಲ್ಲೇ ಉಳಿಯುತ್ತದೆ.

ಹುಲ್ಲು ಹಾಸುವುದು ಎಂದರೆ ಒಂದು ಹೊರೆ ತಂದು ಸುರಿಯುವುದಲ್ಲ. ನಮ್ಮ ಅತ್ತೆ ಒಕ್ಕಲು ಮುಗಿದು ಬಣವೆ ಒಟ್ಟುವ ಹೊತ್ತಿಗೇ ನಾಯಿಯ ಪಾಲನ್ನು ಬೇರೆ ತೆಗೆದಿಡುತ್ತಿದ್ದರು. ಅದಕ್ಕೆ ದನ ಬಾಯಿ ಹಾಕಿದರೆ ಬೈಗುಳ ದನಕ್ಕಲ್ಲ, ನಮಗೆ. ಮೊದಲು ಗೂಡಿನ ನೆಲ ಏಳಬೇಕು. ನಾಲ್ಕು ಮೂಲೆಗೆ ಕಲ್ಲಿಟ್ಟು, ಅದರ ಮೇಲೆ ಅಡಿಕೆ ಮರ ಸೀಳಿದ ದಬ್ಬೆಗಳನ್ನು ಸಂದಿಲ್ಲದಂತೆ ಜೋಡಿಸಿ. ಗೇಣೆತ್ತರ ಸಾಕು, ಕೆಳಗೆ ಗಾಳಿ ಆಡಿ ತೇವ ಮೇಲೇರದಿದ್ದರೆ ಆಯಿತು. ದಬ್ಬೆಯ ಮೇಲೆ ಒಣಗಿದ ಅಡಿಕೆ ಹಾಳೆಗಳನ್ನು ಬೋರಲು ಹಾಕಿ. ಅದರ ಮೇಲೆ ಒಂದಿಷ್ಟು ಲಕ್ಕಿ ಸೊಪ್ಪು. ಹುಳಹುಪ್ಪಟೆಗೆ ಆ ವಾಸನೆ ಆಗುವುದಿಲ್ಲವೆಂದು ಹಿಂದಿನಿಂದಲೂ ಹಾಕುತ್ತ ಬಂದಿದ್ದೇವೆ. ಹುಲ್ಲನ್ನು ಬೆಳಿಗ್ಗೆ ಬಿಸಿಲಿಗೆ ಹಾಕಬೇಡಿ, ಇಬ್ಬನಿ ಆರಿ ಮಧ್ಯಾಹ್ನವಾದ ಮೇಲೆ ಹಾಕಿ. ಕೈಯಲ್ಲಿ ಮುರಿದರೆ ಚಟ್ಟೆನ್ನಬೇಕು. ಬಾಗಿದರೆ ಇನ್ನೂ ಹಸಿಯಿದೆ, ಗೂಡಿನೊಳಗೆ ಮುಗ್ಗು ಹಿಡಿದು ನಾಯಿ ಕೆಮ್ಮುತ್ತದೆ. ಒಣಗಿದ ಮೇಲೆ ಕಟ್ಟು ಬಿಚ್ಚಿ ಕಲ್ಲಿಗೆ ಬಡಿದು ಧೂಳು, ಜೊಳ್ಳು ಕೊಡವಿ, ಬುಡದ ಗಟ್ಟಿ ಭಾಗವನ್ನು ಕತ್ತಿಯಿಂದ ಸವರಿ ಕೊಟ್ಟಿಗೆಗೆ ಹಾಕಿ. ಉಳಿದ ಮೃದು ಹುಲ್ಲನ್ನು ಅಂಚಿಗೆ ದಪ್ಪ, ನಡುವೆ ತೆಳ್ಳಗೆ ಬರುವಂತೆ ಸುತ್ತಿಹಾಸಿ. ಮೊಣಕೈವರೆಗೆ ಕೈ ಹುಗಿದರೆ ಬೆರಳಿಗೆ ಹಾಳೆ ತಾಗಬಾರದು. ನಾಯಿ ಒಳಗೆ ಹೋಗಿ ಎರಡು ಸುತ್ತು ತಿರುಗಿ ಮೂಗನ್ನು ಬಾಲಕ್ಕೆ ಹಚ್ಚಿ ಮಲಗಿತೆಂದರೆ ನಿಮ್ಮ ಕೆಲಸ ಸರಿಯಾಗಿದೆ. ಕಾಲು ಚಾಚಿ ಹೊರಗೆ ಬಂದು ಮಲಗಿದರೆ ಎಲ್ಲೋ ತೇವವಿದೆ, ಇಲ್ಲವೇ ಹುಲ್ಲಿನಲ್ಲಿ ಮುಳ್ಳಿದೆ. ಎಲ್ಲ ತೆಗೆದು ಮತ್ತೆ ಹಾಸಿ. ಹುಲ್ಲು ಚಪ್ಪಟೆಯಾದಾಗ ಮೇಲೆ ಮೇಲೆ ಹೇರದೆ ಹಳೆಯದನ್ನು ಗೊಬ್ಬರದ ಗುಂಡಿಗೆ ಎಸೆದು ಹೊಸದು ಹಾಕಿ.

ಹುಲ್ಲಿನ ಮಾತು ಬಂದಾಗಲೇ ಹೇಳಿಬಿಡುತ್ತೇನೆ: ಚಳಿಗೆ ಮೊಸರು ಹೆಪ್ಪಾಗುವುದಿಲ್ಲವೆಂದು ಗೊಣಗುವವರು ಬುಟ್ಟಿಗೆ ಇದೇ ಹುಲ್ಲು ತುಂಬಿ, ಹೆಪ್ಪು ಹಾಕಿದ ಪಾತ್ರೆಯನ್ನು ಅದರಲ್ಲಿ ಹುಗಿದಿಡಿ. ಹಾಲು ಬೆರಳಿಗೆ ಬಿಸಿ ತಾಗುವಷ್ಟಿರಲಿ, ಹೆಪ್ಪು ಬೇಸಿಗೆಗಿಂತ ಒಂದು ಚೂರು ಹೆಚ್ಚಿರಲಿ. ಅದಕ್ಕೂ ಒಂದು ಯಂತ್ರ ಕೊಳ್ಳಬೇಕಾಗಿಲ್ಲ.

ಗೂಡು ಅರಮನೆಯಾಗಬಾರದು. ದೊಡ್ಡದಾದರೆ ಅದನ್ನು ಬೆಚ್ಚಗೆ ಮಾಡಲು ನಾಯಿಯ ಮೈಯಿಂದ ಆಗುವುದಿಲ್ಲ. ನಿಲ್ಲಲು, ತಿರುಗಲು ಜಾಗವಿದ್ದರೆ ಸಾಕು. ಮಾಗಿಯ ಗಾಳಿ ಮೂಡಣದಿಂದ ಬೀಸುತ್ತದೆ, ಬಾಗಿಲು ಆ ಕಡೆ ಬೇಡ. ಬಾಗಿಲಿನ ಅರ್ಧಕ್ಕೆ ಗೋಣಿ ಇಳಿಬಿಡಿ. ಮತ್ತೆ, ರಾತ್ರಿ ಸರಪಳಿ ಹಾಕಿ ಬಯಲಲ್ಲಿ ಕಟ್ಟುವುದನ್ನು ದಯವಿಟ್ಟು ನಿಲ್ಲಿಸಿ. ಕಟ್ಟಿದ ನಾಯಿಗೆ ಬೆಚ್ಚಗಿನ ಮೂಲೆ ಹುಡುಕಲೂ ಆಗದು, ಚಿರತೆ ಬಂದರೆ ಓಡಲೂ ಆಗದು. ಕಾಡಂಚಿನ ಮನೆಗಳಲ್ಲಿ ಚಿರತೆ ನಾಯಿಯನ್ನು ಹೊತ್ತೊಯ್ಯುವುದು ಹೊಸ ಸುದ್ದಿಯಲ್ಲ. ಗೂಡು ಗೋಡೆಗೆ ತಾಗಿ, ಗೇಟಿನ ಒಳಗಿರಲಿ. ಮುಧೋಳದ ನಾಯಿ ತಂದು ಮಲೆನಾಡಿನಲ್ಲಿ ಸಾಕುವವರು ಅದನ್ನು ಮನೆಯೊಳಗೇ ಮಲಗಿಸಿ. ಬಾಗಲಕೋಟೆ ಕಡೆಯ ಒಣ ಬಯಲಿನ ನಾಯಿ ಅದು, ಮೈಮೇಲೆ ದಟ್ಟ ಕೂದಲೂ ಇಲ್ಲ, ಕೊಬ್ಬೂ ಇಲ್ಲ.

ಚಳಿಗಾಲದಲ್ಲಿ ಊಟ ಒಂದು ಹಿಡಿ ಹೆಚ್ಚು ಹಾಕಿ, ಬೆಚ್ಚಗಿರಲಿ, ಕುಡಿಯುವ ನೀರೂ ಉಗುರುಬೆಚ್ಚಗಿರಲಿ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ಬೇಡ, ಬೆಂದ ಕೋಳಿಮೂಳೆ ಬೇಡ. ಸ್ನಾನ ಬಿಸಿಲು ಏರಿದ ಮೇಲೆ, ಅದೂ ತೀರ ಅಗತ್ಯವಿದ್ದರೆ ಮಾತ್ರ.

ಇನ್ನೊಂದು ಹುಚ್ಚಾಟ: ಕಿವಿ ಮುಟ್ಟಿ, ಬಿಸಿಯಾಗಿದೆ, ಜ್ವರ ಬಂದಿದೆ ಎಂದು ಮನೆಯಲ್ಲಿದ್ದ ಪ್ಯಾರಾಸಿಟಮಾಲ್ ನುಂಗಿಸುವುದು. ನಾಯಿಯ ಮೈಬಿಸಿ ಮೊದಲೇ ನಮಗಿಂತ ಹೆಚ್ಚು. ಫ್ಯಾರನ್‌ಹೀಟ್‌ನಲ್ಲಿ 101ರಿಂದ 102.5 ಡಿಗ್ರಿ ಅದಕ್ಕೆ ಸಹಜ. ನಮ್ಮ ಮಾತ್ರೆಗಳು ಅದರ ಪಿತ್ತಜನಕಾಂಗ, ಮೂತ್ರಪಿಂಡ, ಹೊಟ್ಟೆಯನ್ನು ಹಾಳು ಮಾಡುತ್ತವೆ. ಊಟ ಬಿಟ್ಟು, ಮೂಗು ಸುರಿಸಿ, ಮೂಲೆ ಸೇರಿದರೆ ಪಶುವೈದ್ಯರ ಬಳಿ ಹೋಗಿ. ವರ್ಷದ ಚುಚ್ಚುಮದ್ದನ್ನಂತೂ ಚಳಿ ಶುರುವಾಗುವ ಮೊದಲೇ ಹಾಕಿಸಿರಬೇಕು.

ಮಳೆ ನಿಂತು ಚಳಿ ಹತ್ತಿದಾಗ ಕಾಡಿನಲ್ಲಿ ರಕ್ತ ಹೀರುವ ಉಣುಗು ಏಳುತ್ತದೆ. ಅದು ಕಚ್ಚಿ ಮನುಷ್ಯರಿಗೆ ಹರಡುವ ಮಂಗನ ಕಾಯಿಲೆ 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನ ಕಡೆ ಕಾಣಿಸಿಕೊಂಡಿತು, ಈಗಲೂ ಚಳಿಗಾಲದಿಂದ ಬೇಸಿಗೆಯವರೆಗೆ ನಮ್ಮನ್ನು ಬಿಟ್ಟಿಲ್ಲ. ಕಾಡು ಸುತ್ತಿ ಬಂದ ನಾಯಿ ಮನೆಗೆ ಉಣುಗು ಹೊತ್ತು ತರುತ್ತದೆ. ಸಂಜೆ ಕಿವಿಯ ಸಂದು, ಕಾಲ್ಬೆರಳ ನಡುವೆ, ಬಾಲದ ಬುಡ ಹುಡುಕಿ. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ಚಿಮಟದಿಂದ ಚರ್ಮಕ್ಕೆ ತೀರ ಹತ್ತಿರದಲ್ಲಿ ಹಿಡಿದು ನೇರವಾಗಿ ಎಳೆದು, ಬಚ್ಚಲೊಲೆಯ ಕೆಂಡಕ್ಕೆ ಹಾಕಿ. ಉಗುರಿನಲ್ಲಿ ಕುಕ್ಕಿ ಒಡೆಯಬೇಡಿ. ಸೀಮೆಎಣ್ಣೆ ಸವರಬೇಡಿ, ಚರ್ಮ ಬೇಯುತ್ತದೆ, ನೆಕ್ಕಿದರೆ ಹೊಟ್ಟೆಗೂ ಹೋಗುತ್ತದೆ.

ಬೀದಿ ನಾಯಿಗಳು ಮರಿ ಹಾಕುವುದೂ ಹೆಚ್ಚಾಗಿ ಇದೇ ಕಾಲದಲ್ಲಿ. ಮೊದಲ ಎರಡು ವಾರ ಮರಿಗಳಿಗೆ ತಮ್ಮ ಮೈಯನ್ನು ತಾವೇ ಬೆಚ್ಚಗೆ ಇಟ್ಟುಕೊಳ್ಳಲು ಬರುವುದಿಲ್ಲ. ಮುದ್ದು ಬಂತೆಂದು ಎತ್ತಿಕೊಂಡು ತಿರುಗಬೇಡಿ. ತಾಯಿಯಿದ್ದಲ್ಲಿಗೇ ಒಂದು ಹೊರೆ ಹುಲ್ಲು ಹಾಕಿ ಈಚೆ ಬನ್ನಿ. ಸ್ವಲ್ಪ ದೊಡ್ಡವಾದ ಮೇಲೆ ಅವು ಆಗತಾನೆ ಬಂದು ನಿಂತ ಕಾರಿನ ಅಡಿ ಸೇರುತ್ತವೆ, ಎಂಜಿನ್ ಬಿಸಿಯಿರುತ್ತದಲ್ಲ. ಬೆಳಿಗ್ಗೆ ಹೊರಡುವ ಅವಸರ ಎಷ್ಟೇ ಇರಲಿ, ಬಾನೆಟ್ಟಿಗೆ ಎರಡು ಸಲ ಬಡಿದು, ಬಗ್ಗಿ ಚಕ್ರದ ಹಿಂದೆ ನೋಡಿ, ಆಮೇಲೆ ಕೀಲಿ ತಿರುಗಿಸಿ.