ಮಿದುಳಿನ ಸ್ಕ್ಯಾನಿನಲ್ಲಿ ಏನೋ ಕಂಡಿದೆಯೇ? ಒಂದೊಂದಾಗಿ ಹೀಗೆ ಮಾಡಿ

ತಲೆನೋವು ಎಂದೋ, ತಲೆಸುತ್ತು ಎಂದೋ, ಬಿದ್ದು ಪೆಟ್ಟಾಯಿತೆಂದೋ ಎಂಆರ್‌ಐ ಮಾಡಿಸುತ್ತೀರಿ. ಯಾವುದಕ್ಕೆ ಮಾಡಿಸಿದಿರೋ ಅದರ ಸುಳಿವು ಸಿಗುವುದಿಲ್ಲ. ಯಾರೂ ಹುಡುಕದೇ ಇದ್ದ ಸಣ್ಣ ಗಡ್ಡೆಯೋ, ನೀರು ತುಂಬಿದ ಗುಳ್ಳೆಯೋ, ಒಂದಷ್ಟು ಬಿಳಿ ಚುಕ್ಕೆಗಳೋ ಕಾಣಿಸುತ್ತವೆ. ಬಿಪಿ, ಶುಗರ್, ಥೈರಾಯ್ಡ್, ಕೀಲುನೋವು ಅಂತ ಮೊದಲೇ ಮಾತ್ರೆ ನುಂಗಿ ಸಾಕಾಗಿರುವವರಿಗೆ ಇದು ಗಾಯದ ಮೇಲೆ ಬರೆ. ‘ನನ್ನೆಲ್ಲ ತೊಂದರೆಗೂ ಇದೇ ಮೂಲ ಇರಬಹುದಾ?’ ಎಂಬ ಯೋಚನೆ ಶುರುವಾದರೆ ನಿದ್ದೆ ಹತ್ತುವುದಿಲ್ಲ.

ಇಂಥ ಹೊತ್ತಿನಲ್ಲಿ ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ಇಲ್ಲಿ ಹೇಳುತ್ತೇನೆ. ನನ್ನ ಮನಸ್ಸಿನಲ್ಲಿರುವ ದೊಡ್ಡ ಭಯ ಒಂದೇ: ಹೊಸ ಚುಕ್ಕೆಯ ಗಾಬರಿಯಲ್ಲಿ ಹಳೆಯ ಕಾಯಿಲೆಗಳ ಆರೈಕೆ ತಪ್ಪಿಹೋಗಬಾರದು.

1. ಇದು ತುರ್ತೇ, ನೋಡಿ

ಹಿಂದೆಂದೂ ಬಾರದಷ್ಟು ಜೋರಾದ ತಲೆನೋವು ಕ್ಷಣದಲ್ಲಿ ಬಂದರೆ, ಮುಖ ಅಥವಾ ಒಂದು ಕಡೆಯ ಕೈಕಾಲು ಸೋತರೆ, ಮಾತು ತೊದಲಿದರೆ, ಕಣ್ಣು ಇದ್ದಕ್ಕಿದ್ದಂತೆ ಮಂಜಾದರೆ, ಫಿಟ್ಸ್ ಬಂದರೆ, ಪ್ರಜ್ಞೆ ತಪ್ಪಿದರೆ, ಜ್ವರದ ಜೊತೆ ಕತ್ತು ಬಿಗಿದುಕೊಂಡರೆ ಈ ಲೇಖನ ಪಕ್ಕಕ್ಕಿಡಿ. ತಕ್ಷಣ ಆಸ್ಪತ್ರೆಗೆ ಹೋಗಿ. ಇದ್ಯಾವುದೂ ಇಲ್ಲದೆ, ವೈದ್ಯರೂ ‘ಈಗಲೇ ಬನ್ನಿ’ ಎಂದಿಲ್ಲದಿದ್ದರೆ ಯೋಚಿಸಲು ನಿಮಗೆ ಸಮಯ ಇದೆ.

2. ಇದು ಎಷ್ಟು ಜನರಲ್ಲಿ ಕಾಣುತ್ತದೆ, ತಿಳಿದುಕೊಳ್ಳಿ

ನೆದರ್‌ಲೆಂಡ್ಸ್‌ನ ರಾಟರ್‌ಡ್ಯಾಮ್ ಅಧ್ಯಯನದಲ್ಲಿ 45 ದಾಟಿದ 2000 ಜನರ ಮಿದುಳಿನ ಎಂಆರ್‌ಐ ತೆಗೆದು ನೋಡಿದ್ದರು. ಅವರೆಲ್ಲ ಕಾಯಿಲೆ ಎಂದು ಬಂದವರಲ್ಲ, ಸಾಮಾನ್ಯ ಜನ. 2007ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಶೇ 7.2 ಜನರಲ್ಲಿ ಅವರಿಗೇ ಗೊತ್ತಾಗದಂತೆ ಆಗಿಹೋದ ಸಣ್ಣ ಸ್ಟ್ರೋಕಿನ ಗುರುತು ಇತ್ತು. ಶೇ 1.8 ಜನರಲ್ಲಿ ರಕ್ತನಾಳದ ಉಬ್ಬು, ಅಂದರೆ ಅನ್ಯೂರಿಸಂ ಇತ್ತು. ಶೇ 1.6 ಜನರಲ್ಲಿ ಕ್ಯಾನ್ಸರ್ ಅಲ್ಲದ ಗಡ್ಡೆ ಇತ್ತು. ಅದರಲ್ಲಿ ಹೆಚ್ಚಿನವು ಮಿದುಳಿನ ಹೊದಿಕೆಯಲ್ಲಿ ನಿಧಾನವಾಗಿ ಬೆಳೆಯುವ ಮೆನಿಂಜಿಯೋಮಾ.

ಹಾಗೆಂದು ಕಂಡದ್ದನ್ನೆಲ್ಲ ತಳ್ಳಿಹಾಕಬೇಕಿಲ್ಲ. ಸದ್ದಿಲ್ಲದೆ ಆದ ಸ್ಟ್ರೋಕ್ ಮುಂದಿನದಕ್ಕೆ ಎಚ್ಚರಿಕೆ. ಅನ್ಯೂರಿಸಂ ಇದ್ದರೆ ಅದು ಎಷ್ಟು ದೊಡ್ಡದು, ಎಲ್ಲಿದೆ, ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತೇ ಎನ್ನುವುದನ್ನೆಲ್ಲ ತೂಗಿ ನೋಡಬೇಕು.

3. ರಿಪೋರ್ಟನ್ನು ಕೆಳಗಿನಿಂದ ಓದಿ

ರಿಪೋರ್ಟಿನಲ್ಲಿ ಎರಡು ಭಾಗ ಇರುತ್ತವೆ. ‘ಫೈಂಡಿಂಗ್ಸ್’ನಲ್ಲಿ ಕಂಡದ್ದೆಲ್ಲ ಬರೆದಿರುತ್ತಾರೆ, ವಯಸ್ಸಿನ ಸುಕ್ಕೂ ಸೇರಿ. ಕೊನೆಯ ‘ಇಂಪ್ರೆಶನ್’ನಲ್ಲಿ ರೇಡಿಯಾಲಜಿಸ್ಟ್, ಅಂದರೆ ಸ್ಕ್ಯಾನ್ ಓದುವ ವೈದ್ಯರು, ಮುಖ್ಯ ಎಂದುಕೊಂಡದ್ದು ಇರುತ್ತದೆ. ಅದನ್ನು ಮೊದಲು ಓದಿ.

ಉದಾಹರಣೆಗೆ ಈ ಸಾಲು ನೋಡಿ: ‘ಫ್ಯೂ ನಾನ್-ಸ್ಪೆಸಿಫಿಕ್ ವೈಟ್ ಮ್ಯಾಟರ್ ಹೈಪರ್‌ಇಂಟೆನ್ಸಿಟೀಸ್. ಕ್ಲಿನಿಕಲ್ ಕೋರಿಲೇಶನ್ ಸಜೆಸ್ಟೆಡ್.’ ಓದಿದರೆ ಎದೆ ಧಸಕ್ಕೆನ್ನುತ್ತದೆ, ಅಲ್ವಾ? ಇದರಲ್ಲಿರುವುದು ಇಷ್ಟೇ: ಒಂದಷ್ಟು ಬಿಳಿ ಚುಕ್ಕೆಗಳಿವೆ, ಚಿತ್ರ ನೋಡಿದ ಮಾತ್ರಕ್ಕೆ ಕಾರಣ ಹೇಳಲಾಗದು, ನಿಮ್ಮನ್ನು ಪರೀಕ್ಷಿಸುವ ವೈದ್ಯರು ಹೋಲಿಸಿ ನೋಡಲಿ. ಇಂಥ ಚುಕ್ಕೆಗಳು ವಯಸ್ಸಾದಂತೆ ಹೆಚ್ಚುತ್ತವೆ. ಬಿಪಿ ಇರುವವರಲ್ಲಿ, ಸಿಗರೇಟು ಸೇದುವವರಲ್ಲಿ, ಮೈಗ್ರೇನ್ ಇರುವವರಲ್ಲಿ ಜಾಸ್ತಿ ಕಾಣುತ್ತವೆ. ‘ನೋ ಮಾಸ್ ಎಫೆಕ್ಟ್’, ‘ನೋ ಮಿಡ್‌ಲೈನ್ ಶಿಫ್ಟ್’ ಎಂದಿದ್ದರೆ ಸಮಾಧಾನದ ಮಾತು. ಕಂಡ ವಸ್ತು ಮಿದುಳನ್ನು ಒತ್ತುತ್ತಿಲ್ಲ, ಪಕ್ಕಕ್ಕೆ ತಳ್ಳಿಲ್ಲ ಎಂದರ್ಥ.

ರಿಪೋರ್ಟಿನ ಜೊತೆ ಚಿತ್ರಗಳಿರುವ ಸಿಡಿ ಅಥವಾ ಫೈಲನ್ನೂ ಕೇಳಿ ಪಡೆಯಿರಿ. ಹಿಂದೆ ಯಾವಾಗಾದರೂ ತಲೆಯ ಸ್ಕ್ಯಾನ್ ಆಗಿದ್ದರೆ ಅದನ್ನು ಹುಡುಕಿ ತೆಗೆಯಿರಿ. ಐದು ವರ್ಷದ ಹಿಂದಿನ ಚಿತ್ರದಲ್ಲೂ ಅದೇ ಗಡ್ಡೆ ಅಷ್ಟೇ ಗಾತ್ರದಲ್ಲಿದ್ದರೆ ಅರ್ಧ ಪ್ರಶ್ನೆಗೆ ಉತ್ತರ ಸಿಕ್ಕಂತೆ.

4. ಒಂದು ಹಾಳೆ ತಯಾರಿಸಿ

ಹಲವು ಕಾಯಿಲೆ ಇರುವವರಿಗೆ ಇದು ಎಲ್ಲಕ್ಕಿಂತ ಮುಖ್ಯ ಕೆಲಸ. ನರರೋಗ ತಜ್ಞರ ಮುಂದೆ ಕೂತಾಗ ಸಿಗುವ ಸಮಯ ಕಡಿಮೆ. ದಪ್ಪ ಫೈಲು ತಿರುವಿಹಾಕಲು ಅದು ಸಾಲದು. ಒಂದೇ ಹಾಳೆಯಲ್ಲಿ ಬರೆಯಿರಿ: ಇರುವ ಕಾಯಿಲೆಗಳು, ಆದ ಆಪರೇಷನ್‌ಗಳು, ಅಲರ್ಜಿ, ಈಗಿನ ಎಲ್ಲ ಮಾತ್ರೆಗಳ ಹೆಸರು ಮತ್ತು ಪ್ರಮಾಣ. ಇಂಜೆಕ್ಷನ್, ವಿಟಮಿನ್, ನಾಟಿ ಔಷಧಿ ಎಲ್ಲವೂ ಬರಲಿ.

ಇಷ್ಟೊಂದು ಒತ್ತಿ ಹೇಳಲು ಕಾರಣ ಇದೆ. ಮಿದುಳಿನ ಬುಡದಲ್ಲಿರುವ, ಹಾರ್ಮೋನು ಸ್ರವಿಸುವ ಪಿಟ್ಯುಟರಿ ಗ್ರಂಥಿ ಊದಿದೆ ಎಂದಿಟ್ಟುಕೊಳ್ಳಿ. ಥೈರಾಯ್ಡ್ ಕೊರತೆಗೆ ಸರಿಯಾಗಿ ಚಿಕಿತ್ಸೆ ಆಗದಿದ್ದರೂ ಅದು ಊದಬಹುದು, ಮಾತ್ರೆ ಸರಿಹೋದ ಮೇಲೆ ಇಳಿಯಬಹುದು. ವಾಂತಿ ತಡೆಯುವ ಮೆಟೊಕ್ಲೋಪ್ರಮೈಡ್, ಡೊಂಪೆರಿಡೋನ್, ಮನೋರೋಗಕ್ಕೆ ಕೊಡುವ ರಿಸ್ಪೆರಿಡೋನ್ ಇವು ಇದೇ ಗ್ರಂಥಿಯ ಪ್ರೊಲ್ಯಾಕ್ಟಿನ್ ಹಾರ್ಮೋನನ್ನು ಏರಿಸುತ್ತವೆ. ವೈದ್ಯರಿಗೆ ಇದು ಗೊತ್ತಿಲ್ಲದಿದ್ದರೆ ರಕ್ತಪರೀಕ್ಷೆ ದಾರಿ ತಪ್ಪಿಸುತ್ತದೆ. ಮೆನಿಂಜಿಯೋಮಾ ಇದ್ದವರು ಹಾರ್ಮೋನ್ ಔಷಧಿಗಳ ವಿಷಯ ಹೇಳಲೇಬೇಕು. ಮೆಡ್ರಾಕ್ಸಿಪ್ರೊಜೆಸ್ಟೆರಾನ್ ಎಂಬ ಗರ್ಭನಿರೋಧಕ ಇಂಜೆಕ್ಷನ್ನನ್ನು ವರ್ಷಕ್ಕಿಂತ ಹೆಚ್ಚು ಕಾಲ ಪಡೆದವರಲ್ಲಿ ಈ ಗಡ್ಡೆಯ ಅಪಾಯ ಹೆಚ್ಚು ಎಂದು ಫ್ರಾನ್ಸ್‌ನ ದೊಡ್ಡ ಅಧ್ಯಯನವೊಂದು 2024ರಲ್ಲಿ ತೋರಿಸಿತು. ಆದರೆ ಯಾವ ಔಷಧಿಯನ್ನೂ ನೀವಾಗಿಯೇ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ.

ಕಿಡ್ನಿ ತೊಂದರೆ ಇದ್ದರೆ ಇತ್ತೀಚಿನ ಕ್ರಿಯಾಟಿನಿನ್ ಮತ್ತು ಇಜಿಎಫ್‌ಆರ್ (ಕಿಡ್ನಿ ಎಷ್ಟು ಚೆನ್ನಾಗಿ ರಕ್ತ ಸೋಸುತ್ತಿದೆ ಎಂದು ತೋರಿಸುವ ರಕ್ತಪರೀಕ್ಷೆಯ ಅಂಕಿಗಳು) ಬರೆಯಿರಿ. ಇಜಿಎಫ್‌ಆರ್ 30ಕ್ಕಿಂತ ಕಡಿಮೆ ಇದ್ದರೆ ಚಿತ್ರ ಸ್ಪಷ್ಟವಾಗಲೆಂದು ಸ್ಕ್ಯಾನಿಗೆ ಕೊಡುವ ಕಾಂಟ್ರಾಸ್ಟ್ ಔಷಧಿಯನ್ನು ಯೋಚಿಸಿ ಆಯ್ಕೆ ಮಾಡುತ್ತಾರೆ. ಪೇಸ್‌ಮೇಕರ್, ಕಿವಿಯ ಇಂಪ್ಲಾಂಟ್, ಆಪರೇಷನ್‌ನಲ್ಲಿ ಹಾಕಿದ ಹಳೆಯ ಕ್ಲಿಪ್ ಇದ್ದರೆ ಅದನ್ನೂ ಬರೆಯಿರಿ.

5. ಒಬ್ಬರು ಮುಂದಾಳು ಇರಲಿ

ಹೃದಯಕ್ಕೊಬ್ಬರು, ಶುಗರಿಗೊಬ್ಬರು, ಈಗ ತಲೆಗೊಬ್ಬರು. ಎಲ್ಲರ ಚೀಟಿಯನ್ನೂ ಒಟ್ಟಿಗೆ ನೋಡುವ ಒಬ್ಬ ವೈದ್ಯರು ಬೇಕು. ಸಾಮಾನ್ಯವಾಗಿ ಅದು ನಿಮ್ಮ ಕುಟುಂಬ ವೈದ್ಯರು ಅಥವಾ ಫಿಸಿಶಿಯನ್. ‘ಡಾಕ್ಟ್ರೇ, ಎಲ್ಲವನ್ನೂ ನೀವೇ ಒಟ್ಟಾಗಿ ನೋಡಿಕೊಳ್ಳುತ್ತೀರಾ?’ ಎಂದು ನೇರವಾಗಿ ಕೇಳಿ. ಸಂಕೋಚ ಬೇಡ.

ತಜ್ಞರಿಗೆ ಕೇಳಬೇಕಾದ್ದು ನಾಲ್ಕು. ಇದು ಏನು, ಎಷ್ಟು ಖಚಿತ? ನನ್ನ ಈಗಿನ ತೊಂದರೆಗಳಲ್ಲಿ ಯಾವುದಾದರೂ ಇದರಿಂದ ಬಂದಿರಬಹುದೇ? ಈಗ ಏನೂ ಮಾಡದಿದ್ದರೆ ಏನಾಗಬಹುದು? ಮತ್ತೆ ಸ್ಕ್ಯಾನ್ ಯಾವಾಗ, ಅಷ್ಟರೊಳಗೆ ಏನಾದರೆ ಓಡಿ ಬರಬೇಕು? ಮನೆಯವರೊಬ್ಬರನ್ನು ಜೊತೆಗೆ ಕರೆದೊಯ್ದು ಉತ್ತರ ಬರೆಸಿಕೊಳ್ಳಿ. ಗಾಬರಿಯಲ್ಲಿ ಕೇಳಿದ ಮಾತು ಬಾಗಿಲು ದಾಟುವಷ್ಟರಲ್ಲಿ ಮರೆಯುತ್ತದೆ. ಆಪರೇಷನ್ ಬೇಕು ಎಂದರೆ, ತುರ್ತಲ್ಲದಿದ್ದರೆ, ಇನ್ನೊಬ್ಬರ ಅಭಿಪ್ರಾಯ ಪಡೆಯಿರಿ.

6. ಎಲ್ಲವನ್ನೂ ಚುಕ್ಕೆಯ ತಲೆಗೆ ಕಟ್ಟಬೇಡಿ

ಇಲ್ಲಿ ಎಡವುವವರು ಬಹಳ. ಶುಗರ್ ಇರುವ ಒಬ್ಬರಿಗೆ ಕಾಲು ಜುಮ್ಮೆನ್ನುತ್ತದೆ, ನಡೆಯುವಾಗ ತೂರಾಡಿದಂತಾಗುತ್ತದೆ. ಸ್ಕ್ಯಾನಿನಲ್ಲಿ ಬಿಳಿ ಚುಕ್ಕೆ ಕಂಡಿದ್ದೇ ‘ಇದರಿಂದಲೇ’ ಎಂದು ತೀರ್ಮಾನಿಸಿಬಿಡುತ್ತಾರೆ. ಆದರೆ ಶುಗರಿನಿಂದಲೇ ಕಾಲಿನ ನರಗಳು ಸೋತಿರಬಹುದು. ಶುಗರಿನ ಮಾತ್ರೆ ಮೆಟ್‌ಫಾರ್ಮಿನ್ ಅನ್ನು ಬಹಳ ವರ್ಷ ತೆಗೆದುಕೊಂಡವರಲ್ಲಿ ವಿಟಮಿನ್ ಬಿ12 ಕಡಿಮೆಯಾಗಬಹುದು. ಅದರಿಂದಲೂ ಕಾಲು ಜುಮ್ಮೆನ್ನುತ್ತದೆ. ಒಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಔಷಧಿಯೂ ಇದೆ. ಚುಕ್ಕೆಯ ಹಿಂದೆ ಬಿದ್ದರೆ ಸುಲಭವಾಗಿ ವಾಸಿಯಾಗುವ ಈ ತೊಂದರೆ ಹಾಗೇ ಉಳಿದುಬಿಡುತ್ತದೆ.

ಇದರ ತಿರುಗುಮುರುಗೂ ನಡೆಯುತ್ತದೆ. ಹೊಸ ತೊಂದರೆ ಹೇಳಿದರೆ ವೈದ್ಯರು ‘ನಿಮ್ಮ ಹಳೇ ಕಾಯಿಲೆಯದ್ದೇ’, ‘ಸುಮ್ನೆ ಟೆನ್ಶನ್’ ಎಂದು ಬಿಡುವುದು. ಆಗ ಜಗಳ ಬೇಡ, ಆದರೆ ಪಟ್ಟು ಬಿಡಬೇಡಿ. ಯಾವಾಗ ಶುರುವಾಯಿತು, ಎಷ್ಟು ಹೊತ್ತು ಇತ್ತು, ಮೊದಲಿಗಿಂತ ಹೇಗೆ ಬೇರೆ ಎಂದು ದಿನಾಂಕದ ಸಮೇತ ಬರೆದು ತೋರಿಸಿ. ಬರೆದದ್ದನ್ನು ಕಡೆಗಣಿಸುವುದು ಕಷ್ಟ.

7. ಹಳೆಯ ಚಿಕಿತ್ಸೆ ತಪ್ಪದಿರಲಿ

ಬಿಳಿ ಚುಕ್ಕೆಗೂ ಸರಿ, ಅನ್ಯೂರಿಸಂಗೂ ಸರಿ, ನಿಮ್ಮ ಕೈಯಲ್ಲಿರುವ ದೊಡ್ಡ ಆಯುಧ ಬಿಪಿ ಹತೋಟಿ ಮತ್ತು ಸಿಗರೇಟು ಬಿಡುವುದು. ಅಮೆರಿಕದ ಸ್ಪ್ರಿಂಟ್ ಮೈಂಡ್ ಅಧ್ಯಯನದ 2019ರ ಫಲಿತಾಂಶದಲ್ಲಿ, ಬಿಪಿಯನ್ನು ಬಿಗಿಯಾಗಿ ಹತೋಟಿಯಲ್ಲಿ ಇಟ್ಟವರಲ್ಲಿ ಬಿಳಿ ಚುಕ್ಕೆಗಳು ಹೆಚ್ಚುವುದು ನಿಧಾನವಾಗಿತ್ತು. ಎಷ್ಟಕ್ಕೆ ಇಳಿಸಬೇಕು ಎಂಬುದು ನಿಮ್ಮ ಕಿಡ್ನಿ, ವಯಸ್ಸು, ಎದ್ದು ನಿಂತಾಗ ತಲೆ ತಿರುಗುತ್ತದೆಯೇ ಎಂಬುದರ ಮೇಲೆ ನಿಂತಿದೆ. ‘ಸ್ಟ್ರೋಕ್ ತಡೆಯುತ್ತದಂತೆ’ ಎಂದು ಆಸ್ಪಿರಿನ್ ಶುರುಮಾಡಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ಮೊದಲೇ ಇದ್ದರೆ, ಹೆದರಿ ನಿಲ್ಲಿಸಲೂಬೇಡಿ.

8. ಮುಂದಿನ ಸ್ಕ್ಯಾನಿನ ತನಕ

ಕಾಯುವುದು ಕಷ್ಟ. ‘ಏನೂ ಮಾಡದೆ ಬಿಟ್ಟಿದ್ದಾರೆ’ ಅನ್ನಿಸುತ್ತದೆ. ನಿಗದಿತ ದಿನಕ್ಕೆ ಮತ್ತೆ ಚಿತ್ರ ತೆಗೆದು ಹೋಲಿಸುವುದೂ ಚಿಕಿತ್ಸೆಯ ಭಾಗವೇ. ರಾತ್ರಿ ಮೊಬೈಲ್ ಹಿಡಿದು ಹುಡುಕುತ್ತಾ ಕೂತರೆ ನಿದ್ದೆ ಕೆಡುತ್ತದೆ, ನಿದ್ದೆ ಕೆಟ್ಟರೆ ತಲೆನೋವು, ಬಿಪಿ ಎರಡೂ ಏರುತ್ತವೆ. ಬಂದ ಪ್ರಶ್ನೆಯನ್ನು ಹಾಳೆಯ ಹಿಂದೆ ಬರೆದಿಡಿ, ಮುಂದಿನ ಭೇಟಿಯಲ್ಲಿ ಕೇಳಿ. ಎರಡು ವಾರ ದಾಟಿದರೂ ಊಟ, ನಿದ್ದೆ, ಕೆಲಸ ಸರಿಹೋಗದಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಆತಂಕಕ್ಕೂ ಚಿಕಿತ್ಸೆ ಇದೆ.

ದಿನ ಬಂದಾಗ, ಸಾಧ್ಯವಾದರೆ ಮೊದಲು ಮಾಡಿಸಿದ ಕಡೆಯೇ ಮಾಡಿಸಿ. ಹಳೆಯ ಸಿಡಿ ಜೊತೆಗೆ ಕೊಟ್ಟು, ‘ಹೋಲಿಸಿ ಅಳತೆ ಬರೆಯಿರಿ’ ಎಂದು ಕೇಳಿಕೊಳ್ಳಿ. ಬದಲಾವಣೆ ಇಲ್ಲ ಎಂದು ಬಂದರೆ, ಮುಂದಿನದಕ್ಕೆ ಅಂತರ ಹೆಚ್ಚಿಸಬಹುದೇ, ಇನ್ನು ಸ್ಕ್ಯಾನೇ ಬೇಡವೇ ಎಂದು ವೈದ್ಯರಲ್ಲಿ ಕೇಳಿ.